ತೋಳಗಳಿಗೂ ಹೆದರದ ಬಸಲಿಂಗಯ್ಯ

‘ಬೆಚ್ಚನ್ನ ಕೌದಿ ಬಿಟ್ಟು ಚಳಿಯಾಗ ಬಯಲಿಗೆ ಮಲಗಾಕ ಹೋಗ್ತಾರಂದ್ರ, ಅಯ್ಯಾರ ಗುಂಡಿಗಿ ಕಲ್ಲಿಂದು ಬಿಡ್ರಿ’ ಎಂದು ಇಬ್ರಾಹಿಂಪುರದ ನೆರೆಯವರು ಬಸಲಿಂಗಯ್ಯನನ್ನು ಹೊಗಳುತ್ತಿದ್ದರು. ಎರಡನೇ ಮಹಾಯುದ್ಧದ ದಿನಗಳಲ್ಲಿ ಟೈರು ಸಿಗದಿದ್ದರೂ ಗಾಲಿಗೆ ಚಿಂದಿ ತುಂಬಿ, ಸೈಕಲ್ಲಿಗೆ ಡೇರೆ ಕಟ್ಟಿ, ಪ್ರತಿ ಚಳಿಗಾಲ ಒಬ್ಬನೇ ತಿಕೋಟಾ ದಾಟಿ ಬಿಜ್ಜರಗಿಯಾಚೆಯ ಬೆಂಗಾಡಿಗೆ ಹೋಗುತ್ತಿದ್ದ. ಮರಳಿ ಬಂದು, ಕೆಮ್ಮಿಯೇ ತೋಳ ಓಡಿಸಿದ ಕತೆ ಹೇಳುತ್ತಿದ್ದ. ಹೆಂಡತಿ ಶಂಕ್ರೆವ್ವ ಅವನ ಕಂಬಳಿಯಿಂದ ಕುರಿಹಿಕ್ಕೆ ಕೊಡವುತ್ತಿದ್ದಳು. ಗಂಡ ಡೇರೆಯನ್ನು ಬಿಚ್ಚುವುದೇ ಇಲ್ಲ, ಕುರುಬರ ದೊಡ್ಡಿಯಲ್ಲಿ ಕುರಿಗಳ ನಡುವೆ ಬೆಚ್ಚಗೆ ಮಲಗುತ್ತಾನೆಂದು ಆಕೆಗೆ ಗೊತ್ತಿತ್ತು. ಮೊಣಕಾಲು ಸೋತು, ‘ಇದ ಕಡೀ ಸಲ’ ಎಂದು ಅವನು ಹೊರಟಾಗ ನೆರೆಮನೆಯ ಧೂಳಪ್ಪ, ‘ನಾನೂ ಜೋಡಿ ಬರ್ತೇನ್ರಿ ಅಯ್ಯಾರ’ ಎಂದು ಸೈಕಲ್ ತಂದ. ಬಸಲಿಂಗಯ್ಯನ ಮುಖ ಬಿಳಿಚಿತು. ‘ಬ್ಯಾಡೋ ಯಪ್ಪಾ, ಇವರ ಗೊರಕಿಗೆ ತೋಳ ಸುದ್ದಾ ನಿಲ್ಲೂದಿಲ್ಲ, ನೀ ಹ್ಯಾಂಗ ಮಲಗ್ತಿ?’ ಎಂದು ಶಂಕ್ರೆವ್ವ ಧೂಳಪ್ಪನನ್ನು ತಡೆದಳು. ಆಮೇಲೆ ಗಂಡನ ಕೈಗೆ ಬುತ್ತಿಗಂಟು ಕೊಡುತ್ತ, ‘ಕುರಿಯವ್ರಿಗೂ ರೊಟ್ಟಿ ಇಟ್ಟೇನ್ರಿ’ ಎಂದು ಪಿಸುಗುಟ್ಟಿದಳು. ಬಸಲಿಂಗಯ್ಯ ಪೆಡಲು ತಪ್ಪಿ ತುಳಿದು, ಹಿಂದೆ ತಿರುಗಿ ನೋಡದೆ ಕಡೆಯ ಸಲ ಬೆಂಗಾಡಿಗೆ ಹೊರಟ.