ಮೇಲಿನ ದಾರಿಯ ಬಾಣ

ಮೇಲಿನ ದಾರಿಯ ಬಂಡೆಯ ಮೇಲಿರುವ ಬಾಣದ ಗುರುತನ್ನು ಕೆತ್ತಿದವನು ನಾನು. ಅದು ಬಿಳಿಯ ದೊರೆಗಳ ಕಾಲದ್ದಲ್ಲ. ಯಾವ ಮೋಟಾರು ರೇಸಿನವರೂ ಅದನ್ನು ಕೆತ್ತಿಸಲಿಲ್ಲ. ಏಳು ವರ್ಷದ ಹಿಂದೆ, ಮುಂಗಾರು ಹಿಡಿಯುವುದಕ್ಕೆ ಸ್ವಲ್ಪ ಮೊದಲು, ಎರಡು ಮಧ್ಯಾಹ್ನ ಒಬ್ಬನೇ ಕೂತು ನನ್ನ ಕೈಯಾರೆ ಕೆತ್ತಿದೆ. ಆ ಬಾಣವನ್ನು ನಂಬಿ ಎಷ್ಟೋ ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅವರ ಕ್ಷಮೆಯನ್ನಾದರೂ ಕೇಳಬಹುದು. ಆದರೆ ಆ ಬಾಣದಿಂದಾಗಿ ಒಬ್ಬ ಮುದುಕಿ ಊರಿನವರ ಎದುರು ಸುಳ್ಳಿಯಾದಳು — ಅವಳು ಈಗ ಇಲ್ಲ. ಅದನ್ನೇ ಹೇಳಬೇಕಾಗಿದೆ. ಹೇಗೆ ಹೇಳಬೇಕೋ ಗೊತ್ತಾಗದೆ ನಾಲ್ಕು ಸಲ ಬರೆದು ಹರಿದಿದ್ದೇನೆ.

ನಾನು ಸಕಲೇಶಪುರದ ಕಡೆಯ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಅಪ್ಪ ಕಲ್ಲುಕುಟಿಗ. ಒರಳು, ಬೀಸುವ ಕಲ್ಲು, ಬಾವಿಕಟ್ಟೆಗೆ ಹೆಸರು ಕೆತ್ತುವುದು — ಇಂಥ ಕೆಲಸ ಮಾಡಿ ನನ್ನನ್ನು ಓದಿಸಿದ. ಚಾಣ ಹಿಡಿಯುವುದು ನನಗೆ ಬಳಪ ಹಿಡಿಯುವುದಕ್ಕಿಂತ ಮೊದಲೇ ಬಂದಿತ್ತು. ರಿಟೈರಾದ ಮೇಲೆ ನನಗೆ ಜೊತೆಯಾದವರು ಶೇಖರಪ್ಪ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ನನಗಿಂತ ಮೂರು ವರ್ಷ ದೊಡ್ಡವರು. ಅವರಿಗೊಂದು ಹುಚ್ಚು: ಹಿಂದೆ ಈ ಗುಡ್ಡಗಳಲ್ಲಿ ಎಸ್ಟೇಟ್ ದೊರೆಗಳು ಮೋಟಾರು ರೇಸ್ ಓಡಿಸುತ್ತಿದ್ದರು ಎನ್ನುತ್ತಾರಲ್ಲ, ಆ ರೇಸು ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂದು ಪತ್ತೆ ಹಚ್ಚಬೇಕು. ಹಳೆಯ ಬಂಗಲೆಯೊಂದರಲ್ಲಿ ಗೆದ್ದಲು ತಿಂದ ಫೋಟೋ ಒಂದು ಸಿಕ್ಕಿತ್ತು — ಒಂದು ಕಾರು, ಟೋಪಿ ಹಾಕಿದ ನಾಲ್ಕು ಜನ, ಹಿಂದೆ ಏರು. ಯಾವ ಏರು ಎಂದು ಗೊತ್ತಿಲ್ಲ. ಅಷ್ಟೇ ಸಾಕಾಯಿತು. ಭಾನುವಾರ ಬಂತೆಂದರೆ ಅವರ ಹಳೇ ಸ್ಕೂಟರಿನಲ್ಲಿ ನಾವಿಬ್ಬರೂ ಹೊರಡುತ್ತಿದ್ದೆವು. ಬೆಳಗೋಡು, ಮಗ್ಗೆ, ಒಮ್ಮೆ ಜೀಪು ಹತ್ತಿ ವನಗೂರಿನ ತನಕ. ಮುದುಕರನ್ನು ಮಾತಾಡಿಸುವುದು, ಮುರಿದ ಮೈಲಿಗಲ್ಲು ಹುಡುಕುವುದು, ಇಲ್ಲಿ ಪೆಟ್ರೋಲ್ ಬಂಕಿತ್ತಂತೆ, ಅಲ್ಲಿ ಟೋಲ್ ಗೇಟಿತ್ತಂತೆ ಎಂದು ಖಾಲಿ ಜಾಗವನ್ನು ನಿಂತು ನೋಡುವುದು.

ಸಿಕ್ಕಿದ್ದೆಲ್ಲ ಶೇಖರಪ್ಪನವರಿಗೇ ಸಿಗುತ್ತಿತ್ತು. ಟೋಲ್ ಗೇಟಿನ ಕಬ್ಬಿಣದ ಕಂಬ ಅವರ ಕಣ್ಣಿಗೇ ಬಿತ್ತು. ಲಾಂಟಾನದ ಪೊದೆಯೊಳಗೆ ಮುಚ್ಚಿಹೋಗಿದ್ದ ಹಳೆಯ ಸೇತುವೆಯೂ ಅವರಿಗೇ. ನಾನು ಕ್ಯಾಮೆರಾ ಹಿಡಿದುಕೊಂಡು ಹಿಂದೆ ಇರುತ್ತಿದ್ದೆ. ಒಂದು ಕಾಲೇಜಿನಲ್ಲಿ ಅವರ ಭಾಷಣ ಇಟ್ಟಿದ್ದರು. ನನ್ನನ್ನೂ ವೇದಿಕೆಗೆ ಕರೆದು, "ಇವರು ನಮ್ಮ ಮೇಷ್ಟ್ರು. ನಾನು ಹುಡುಕ್ತೀನಿ, ಇವರು ಫೋಟೋ ತೆಗೀತಾರೆ" ಎಂದರು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಆ ಮಾತು ವಾರಗಟ್ಟಲೆ ಒಳಗೇ ಕೊರೆಯಿತು. ಅರವತ್ತೈದು ದಾಟಿದವನಿಗೆ ಇಂಥದ್ದೊಂದು ಅಸೂಯೆ — ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ಇತ್ತು.

ಗುಡ್ಡದ ಬುಡದಲ್ಲಿ ಹಳೆಯ ರಸ್ತೆ ಎರಡಾಗುತ್ತದೆ. ಒಂದು ಎಸ್ಟೇಟುಗಳ ಒಳಗೆ ಹತ್ತಿ ಹೋಗುವ ಮೇಲಿನ ದಾರಿ. ಇನ್ನೊಂದು ಗದ್ದೆಬಯಲನ್ನು ಬಳಸಿಕೊಂಡು, ಮೂವತ್ತು ನಲವತ್ತು ಮನೆಯ ಒಂದು ಊರಿನ ನಡುವೆ ಹಾಯ್ದು ಹೋಗುವ ಕೆಳಗಿನ ದಾರಿ. ರೇಸು ಇವೆರಡರಲ್ಲಿ ಯಾವುದರಲ್ಲಿ ಎಂಬುದೇ ಬಗೆಹರಿಯದ ಪ್ರಶ್ನೆಯಾಗಿತ್ತು. ಶೇಖರಪ್ಪನವರಿಗೆ ಮನಸ್ಸು ಮೇಲಿನ ದಾರಿಯ ಕಡೆ. ಸಾಕ್ಷಿ ಮಾತ್ರ ಇರಲಿಲ್ಲ.

ನಾನು ಸಾಕ್ಷಿ ಮಾಡಿದೆ. ಮೇಲಿನ ದಾರಿಯ ನಾಲ್ಕನೇ ಮೈಲಿಯ ಹತ್ತಿರ, ರಸ್ತೆಗೆ ಮುಖ ಮಾಡಿದ ಒಂದು ಬಂಡೆ. ಅದರ ಮೇಲೆ ಏರಿನ ಕಡೆ ತೋರಿಸುವ ಬಾಣ, ಕೆಳಗೆ ನಾಲ್ಕು ಎಂಬ ಇಂಗ್ಲಿಷ್ ಅಂಕಿ, ಹಳೆಯ ಮೈಲಿಗಲ್ಲುಗಳಲ್ಲಿ ಬರುವ ಹಾಗೆ. ಅಂಚುಗಳನ್ನು ಮರಳಿನಿಂದ ಉಜ್ಜಿ ಮೊಂಡು ಮಾಡಿದೆ. ಪಾಚಿ ಬೇಗ ಹಿಡಿಯಲೆಂದು ಸಗಣಿ ನೀರಿಗೆ ಮಜ್ಜಿಗೆ ಬೆರೆಸಿ ಬಳಿದೆ. ಆ ವರ್ಷದ ಮಳೆ ಉಳಿದ ಕೆಲಸ ಮಾಡಿತು. ದೀಪಾವಳಿಯ ಹೊತ್ತಿಗೆ ಹೋಗಿ ನೋಡಿದರೆ, ಕೆತ್ತಿದವನಿಗೇ ಗುರುತು ಸಿಗದಷ್ಟು ಪಾಚಿ.

ಶೇಖರಪ್ಪನವರನ್ನು ಕರೆದುಕೊಂಡು ಹೋಗಿ, ಸುಮ್ಮನೆ ಕಂಡಿತೆಂಬಂತೆ ತೋರಿಸಿದೆ. ಅವರು ಬಂಡೆಯ ಮುಂದೆ ಮಂಡಿಯೂರಿ ಕೂತು, ಬೆರಳಿನಿಂದ ಬಾಣದ ಗೆರೆಯನ್ನು ಮೂರು ಸಲ ಸವರಿದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು, "ಮೇಷ್ಟ್ರೇ, ಇದು ನಿಮ್ದು. ನಿಮ್ಮ ಹೆಸರಲ್ಲೇ ಬರೀತೀನಿ" ಎಂದರು. ಆಗಲೇ ಹೇಳಿಬಿಡಬೇಕಿತ್ತು. ತಮಾಷೆಗೆ ಮಾಡಿದೆ ಅಂತಾದರೂ — ಇಲ್ಲ, ತಮಾಷೆಗೆ ಮಾಡಿದ್ದಲ್ಲ. ನನಗೆ ಅವರ ಆ ಮಾತು ಬೇಕಾಗಿತ್ತು. ಅದಕ್ಕಾಗಿಯೇ ಮಾಡಿದ್ದು.

ಪತ್ರಿಕೆಯಲ್ಲಿ ಫೋಟೋ ಬಂತು. ಮೇಲಿನ ದಾರಿಗೆ 'ಹಳೆಯ ಮೋಟಾರು ರೇಸಿನ ರಸ್ತೆ' ಎಂದು ಬೋರ್ಡು ಹಾಕುವ ಮಾತು ಎದ್ದಿತು. ಶೇಖರಪ್ಪ ಕಟ್ಟುನಿಟ್ಟಿನವರು. ಬೋರ್ಡು ಬರೆಸುವುದಕ್ಕೆ ಮೊದಲು ಕೆಳಗಿನ ದಾರಿಯ ಊರಿನಲ್ಲೂ ಒಮ್ಮೆ ಕೇಳಿಬಿಡೋಣ ಎಂದರು. ಬೆಳಿಗ್ಗೆ ಏಳರ ಹೊತ್ತು. ಊರಿನ ಡೈರಿಯ ಮುಂದೆ ಹಾಲು ತಂದವರ ಸಾಲು. ಅಲ್ಲೇ ವಿಚಾರಿಸಿದೆವು. ಸಾಲಿನಿಂದ ಒಬ್ಬ ಅಜ್ಜಿ ಮುಂದೆ ಬಂದಳು. ಪುಟ್ಟಮ್ಮ ಎಂದು ಹೆಸರು, ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಸ್ಟೀಲಿನ ಕ್ಯಾನು. ಹಿಂದೆ ಅವಳ ಮಗಳು ರತ್ನ.

"ಮ್ಯಾಲಿನ ದಾರಿ ಅಲ್ಲ ಕಣಪ್ಪ. ರೇಸು ಹೋಯ್ತಿದ್ದುದ್ದು ನಮ್ಮೂರ ಮ್ಯಾಲೇ" ಎಂದಳು. "ನಮ್ಮಪ್ಪನ ತಂಗಿ ಒಬ್ಳಿದ್ಲು, ಕೆಂಪಿ ಅಂತ. ಒಂಬತ್ತೋ ಹತ್ತೋ ವರ್ಷದೋಳು. ಎಮ್ಮೆ ಹೊಡ್ಕೊಂಡು ತಿರುವಲ್ಲಿ ಬತ್ತಿದ್ಲಂತೆ. ಕಾರು ಗುದ್ಬುಡ್ತು. ನಿಲ್ಸನೇ ಇಲ್ವಂತೆ, ಹಂಗೇ ಹೋಗ್ಬುಟ್ರಂತೆ. ನಮ್ಮಪ್ಪ ಅಲ್ಲೇ ಕಲ್ಲು ನೆಡ್ಸಿದ್ದ. ಎರಡು ಪಾದ, ಪಕ್ಕದಲ್ಲಿ ಒಂದು ಗಾಲಿ. ನಾನೇ ಎಷ್ಟು ಸಲ ಹೂ ಇಕ್ಕಿದೀನಿ ಅದಕ್ಕೆ. ರಸ್ತೆ ಅಗಲ ಮಾಡೋವಾಗ ಎಲ್ಲಿಗೋ ಎತ್ತಾಕ್ಬುಟ್ರು. ನೀವು ಬೋರ್ಡ್ ಬರಿಯೋದಾದ್ರೆ ಅವಳ ಹೆಸರೂ ಒಂದು ಹಾಕಿ."

ಅವಳು ಕೇಳಿದ್ದು ಇಷ್ಟೇ. ಒಂದು ಹೆಸರು.

ಶೇಖರಪ್ಪ ಮೆತ್ತಗೆ ಹೇಳಿದರು, "ಅಜ್ಜಿ, ನಮ್ಗೆ ಬಂಡೆ ಮೇಲೆ ಗುರುತು ಸಿಕ್ಕೈತೆ. ಕಣ್ಣಾರೆ ನೋಡಿದೀವಿ. ಯಾರೋ ಹೇಳಿದ್ದೂ ನೀವು ನೋಡಿದ್ದೂ ಬೆರೆತುಹೋಗಿರಬಹುದು." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ವಾ ಮೇಷ್ಟ್ರೇ?"

ಇಡೀ ಸಾಲು ನನ್ನನ್ನು ನೋಡುತ್ತಿತ್ತು. ಪುಟ್ಟಮ್ಮನೂ ನೋಡುತ್ತಿದ್ದಳು. ಅಲ್ಲಿದ್ದವರಲ್ಲಿ ಆ ಬಾಣ ಸುಳ್ಳು ಎಂದು ಗೊತ್ತಿದ್ದವನು ನಾನೊಬ್ಬನೇ.

"ಹೌದು," ಎಂದೆ. "ಅಜ್ಜಿಗೆ ವಯಸ್ಸಾಯ್ತಲ್ಲ. ಮರೆವು."

ಯಾರೋ ನಕ್ಕರು. ಹಾಲು ಅಳೆಯುತ್ತಿದ್ದವನು, "ರೇಸಜ್ಜಿ, ಕ್ಯಾನ್ ಕೊಡು ಇತ್ತ" ಎಂದ. ಎಲ್ಲರೂ ನಕ್ಕರು. ಪುಟ್ಟಮ್ಮ ಮುಂದೆ ಹೋದಳು. ಕ್ಯಾನು ಕೊಟ್ಟಳು. ಆ ಹೆಸರು ಅವಳಿಗೆ ಅಂಟಿಕೊಂಡಿತು ಎಂದು ಆಮೇಲೆ ಕೇಳಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಅವಳು ಆ ತಿರುವಿಗೆ ಹೋಗಿ, ಕಲ್ಲಿಲ್ಲದಿದ್ದರೂ ಬರೀ ನೆಲಕ್ಕೆ ಹೂ ಇಟ್ಟು ಬರುತ್ತಿದ್ದಳಂತೆ. ಅದನ್ನೂ ಬಿಟ್ಟಳಂತೆ.

ಇಲ್ಲಿಗೆ ಮುಗಿದಿದ್ದರೆ ಒಂದು ತಪ್ಪು. ಆದರೆ ನಾನು ಇನ್ನೊಂದನ್ನೂ ಹೇಳಬೇಕು, ಅದು ಮೊದಲಿನದಕ್ಕಿಂತ ದೊಡ್ಡದು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾದ, ಪಕ್ಕದಲ್ಲಿ ಗಾಲಿ — ಇಲ್ಲದ ಕಲ್ಲಿಗೆ ಯಾರೂ ಗಾಲಿ ಸೇರಿಸಿ ಹೇಳುವುದಿಲ್ಲ ಎಂದು ಅನ್ನಿಸುತ್ತಿತ್ತು. ಮುಂದಿನ ಫೆಬ್ರವರಿಯಲ್ಲಿ, ಶೇಖರಪ್ಪನವರಿಗೆ ಹೇಳದೆ, ಬಸ್ಸು ಹಿಡಿದು ಕೆಳಗಿನ ದಾರಿಗೆ ಹೋದೆ. ರಸ್ತೆ ಕೆಲಸದವರು ಚಪ್ಪಟೆ ಕಲ್ಲು ಸಿಕ್ಕರೆ ಏನು ಮಾಡುತ್ತಾರೆ ಎಂಬುದು ಕಲ್ಲುಕುಟಿಗನ ಮಗನಿಗೆ ಗೊತ್ತಿರುತ್ತದೆ. ತಿರುವಿನಿಂದ ಸ್ವಲ್ಪ ಕೆಳಗೆ, ಗದ್ದೆಯ ನೀರು ದಾಟಿಸುವ ಸಣ್ಣ ಮೋರಿ. ನೀರು ಬತ್ತಿತ್ತು. ತೆವಳಿಕೊಂಡು ಒಳಗೆ ಹೋಗಿ, ಮೊಬೈಲಿನ ಬೆಳಕು ಮೇಲಕ್ಕೆ ಹಿಡಿದೆ. ಹಾಸಿದ್ದ ಚಪ್ಪಡಿಗಳಲ್ಲಿ ಮೂರನೆಯದರ ಅಡಿಭಾಗದಲ್ಲಿ ಎರಡು ಪಾದ. ನನ್ನ ಅಂಗೈಗಿಂತ ಚಿಕ್ಕವು. ಪಕ್ಕದಲ್ಲಿ ಗಾಲಿ. ಗಾಡಿಯ ಗಾಲಿಯಲ್ಲ, ಸಣ್ಣ ಕಡ್ಡಿಗಳನ್ನು ಒತ್ತೊತ್ತಾಗಿ ಕೆತ್ತಿದ, ಹಳೆಯ ಕಾರಿನ ಗಾಲಿ.

ಎಷ್ಟು ಹೊತ್ತು ಹಾಗೇ ಬಿದ್ದಿದ್ದೆನೋ. ತಲೆಯ ಮೇಲೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು, ಮಣ್ಣು ಮುಖಕ್ಕೆ ಉದುರಿತು. ಹೊರಗೆ ಬಂದು ಬಟ್ಟೆ ಕೊಡವಿಕೊಂಡೆ. ಪುಟ್ಟಮ್ಮನ ಮನೆ ಅಲ್ಲಿಂದ ಕೂಗಳತೆ. ಅವಳು ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದುದು ಕಾಣಿಸುತ್ತಿತ್ತು. ಹೋಗಿ, "ಅವ್ವ, ನಿಮ್ಮ ಕಲ್ಲು ಸಿಕ್ತು" ಎಂದರೆ ಸಾಕಿತ್ತು. ನಾನು ಬಸ್ ಸ್ಟಾಪಿನ ಕಡೆ ನಡೆದೆ.

ಹೇಳಿದರೆ ಬಾಣದ ವಿಷಯವೂ ಹೊರಬೀಳುತ್ತದೆ — ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ. ಮೇಲಿನ ದಾರಿಗೆ ಬೋರ್ಡೂ ಬಿತ್ತು. ನಾಲ್ಕು ವರ್ಷ ಹಾಗೇ ಕಳೆದೆ. ಪ್ರತಿ ಭಾನುವಾರ ಶೇಖರಪ್ಪನವರ ಸ್ಕೂಟರಿನ ಹಿಂದೆ ಕೂತೆ. ಬಂಡೆ ನೋಡಲು ಬಂದವರಿಗೆ ಕಂಡುಹಿಡಿದ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ಹೊಸ ವಿವರ ಸೇರಿಸಿದೆ.

ಕಳೆದ ವರ್ಷ ಪುಟ್ಟಮ್ಮ ತೀರಿಕೊಂಡಳು. ಆಲೂರಿನ ಸಂತೆಯಲ್ಲಿ ಯಾರೋ ಮಾತಿನ ನಡುವೆ "ರೇಸಜ್ಜಿ ಹೋಗ್ಬುಟ್ಳು ಮಾರಾಯ" ಎಂದರು. ಸತ್ತ ಮೇಲೂ ಅದೇ ಹೆಸರು. ತೂಗಿಸಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಬಂದೆ.

ಮೊದಲು ಶೇಖರಪ್ಪನವರಿಗೆ ಹೇಳಿದೆ. ಅವರ ಮನೆಯ ಜಗುಲಿಯಲ್ಲಿ, ಕಾಫಿ ಲೋಟ ಕೈಯಲ್ಲಿರುವಾಗಲೇ. ಬಾಣ, ಮಜ್ಜಿಗೆ, ಮೋರಿ, ಪಾದ, ಎಲ್ಲ. ಅವರು ಲೋಟ ಕೆಳಗಿಟ್ಟರು. ಕೊನೆಗೆ, "ಆ ಅಜ್ಜಿಗೆ ಹಂಗೆ ಅಂದವನು ನಾನಲ್ವಾ" ಎಂದರು. ನಾನು ಅಂದದ್ದನ್ನು ನೆನಪಿಸಿದೆ. ತಲೆ ಅಲ್ಲಾಡಿಸಿದರು. "ನಿಮ್ದು ಬೇರೆ. ನಾನು ನಿಮ್ಮನ್ನ ನಂಬಿ ಅಂದೆ." ಎದ್ದು ನಿಂತು, "ಹೋಗಿ ಬನ್ನಿ ಮೇಷ್ಟ್ರೇ" ಎಂದರು. ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು. ಅದೇ ವಾರ ಒಬ್ಬರೇ ಹೋಗಿ ಮೇಲಿನ ದಾರಿಯ ಬೋರ್ಡನ್ನು ಬಿಚ್ಚಿ ತಂದರಂತೆ. ಬಾಣವನ್ನು ಅಳಿಸಿಬಿಡಲೇ ಎಂದು ನಾನು ಚೀಟಿ ಬರೆದು ಕಳಿಸಿದ್ದೆ. ಆ ಚೀಟಿಯ ಹಿಂಬದಿಯಲ್ಲೇ ಬರೆದು ಕಳಿಸಿದರು: ಅಳಿಸಬೇಡಿ. ಅಳಿಸಿದರೆ ಅದು ಇನ್ನೊಂದು ಸುಳ್ಳು.

ಆಮೇಲೆ ರತ್ನಳ ಹತ್ತಿರ ಹೋದೆ. ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. ನಿಂತೇ ಹೇಳಿದೆ. ಅವಳನ್ನು ಮೋರಿಯ ಹತ್ತಿರ ಕರೆದುಕೊಂಡು ಹೋದೆ. ಸೀರೆ ಎತ್ತಿ ಕಟ್ಟಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಳ್ಳಲು ನೀರು ಹುಡುಕಿದಳು, ಸಿಗಲಿಲ್ಲ, ಸೆರಗಿನಲ್ಲಿ ಒರೆಸಿಕೊಂಡಳು.

"ಪಂಚಾಯ್ತಿಗೆ ಬರೆದು ಈ ಕಲ್ಲು ಎತ್ತಿಸ್ತೀನಿ. ಕೆಂಪಿ ಹೆಸರಿನ ಬೋರ್ಡ್ ಹಾಕಿಸ್ತೀನಿ" ಎಂದೆ.

"ಅದೆಲ್ಲ ಆಮೇಲೆ," ಎಂದಳು. "ನಮ್ಮವ್ವಂಗೆ ಮರೆವು ಅಂತ ಡೈರಿ ಮುಂದೆ ಹೇಳಿದ್ರಲ್ಲ ನೀವು. ಅವತ್ತಿಂದ ಅವಳು ಡೈರಿಗೆ ಹೋಗೋದೇ ಬುಟ್ಬುಟ್ಳು, ನಾನೊಬ್ಳೇ ಹೋಯ್ತಿದ್ದೆ. ನಂಗೊಬ್ಳಿಗೆ ಹೇಳಿದ್ರೆ ಏನು ಬಂತು? ಎಲ್ಲಿ ಹೇಳಿದ್ರೋ ಅಲ್ಲೇ ನಿಂತ್ಕೊಂಡು ಹೇಳಿ."

ಮೂರು ದಿನ ಹೋಗಲಾಗಲಿಲ್ಲ. ನಾಲ್ಕನೆಯ ದಿನ ಮೊದಲ ಬಸ್ಸಿಗೆ ಹೋದೆ. ಸಾಲಿನಲ್ಲಿ ಇಪ್ಪತ್ತು ಜನರಿದ್ದರು. ಕೆಲವರು ಅವತ್ತೂ ಇದ್ದವರು. ನಾನು ಡೈರಿಯ ಜಗುಲಿಯ ಮೇಲೆ ನಿಂತು, ನಾನು ಯಾರು, ಏನು ಕೆತ್ತಿದೆ, ಪುಟ್ಟಮ್ಮನ ಬಗ್ಗೆ ಏನಂದೆ ಎಂದು ಹೇಳಿದೆ. ನಲವತ್ತು ವರ್ಷ ಮಕ್ಕಳ ಎದುರು ಮಾತಾಡಿದವನಿಗೆ ಅವತ್ತು ಧ್ವನಿಯೇ ಏಳಲಿಲ್ಲ. ಹಿಂದಿನವರು ಜೋರಾಗಿ ಹೇಳಿ ಎಂದರು. ಮತ್ತೆ ಮೊದಲಿನಿಂದ ಹೇಳಿದೆ. "ಪುಟ್ಟಮ್ಮ ಹೇಳಿದ್ದೆಲ್ಲ ನಿಜ. ಅವರಿಗೆ ಮರೆವಿರಲಿಲ್ಲ. ಕಲ್ಲು ನಿಮ್ಮ ಮೋರಿಯಲ್ಲೇ ಇದೆ" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹಾಲು ಅಳೆಯುವವನು ತಲೆ ತಗ್ಗಿಸಿಕೊಂಡು ಅಳೆಯುತ್ತಲೇ ಇದ್ದ. ಇಬ್ಬರು ಸಾಲು ಬಿಟ್ಟು ಮೋರಿಯ ಕಡೆ ಹೋದರು.

ರತ್ನ ಸಾಲಿನಲ್ಲೇ ಇದ್ದಳು. ತನ್ನ ಸರದಿ ಬಂದಾಗ ಹಾಲು ಹುಯ್ದಳು, ಚೀಟಿ ತೆಗೆದುಕೊಂಡಳು. ಖಾಲಿ ಕ್ಯಾನು ಹಿಡಿದು ನನ್ನ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತಳು.

"ಅವ್ವ ಇದ್ದಾಗ ಹೇಳ್ಬೇಕಿತ್ತು ಮೇಷ್ಟ್ರೇ," ಎಂದಳು. ಸಿಟ್ಟಿನಿಂದಲ್ಲ. ಉತ್ತರಕ್ಕೆ ಕಾಯಲೂ ಇಲ್ಲ.

ಹೌದು. ಇದ್ದಾಗ ಹೇಳಬೇಕಿತ್ತು.