ಪಾಳಿಯ ನೀರು ಮತ್ತು ಬೈಜಾಂಟಿಯಂ ದೊರೆ

ಮಕ್ಕಳೇ, ನಿಮ್ಮ ಅಜ್ಜ ಹೋದ ಮೇಲೆ ಜಮೀನು ನೋಡುವವನು ನನ್ನ ಮೈದುನ. ಅವನ ಬುದ್ಧಿವಂತಿಕೆಯನ್ನು ಎದುರಿಗೆ ಹೇಳಲು ನನಗೆ ಬಾಯಿ ಬಾರದು, ಬರೆಯುತ್ತೇನೆ.

ಹೋದ ಬೇಸಿಗೆ ಅಂಬ್ಲಿಗೊಳದ ಕಾಲುವೆಯಲ್ಲಿ ನಮ್ಮ ಪಾಳಿ ಎರಡೇ ತಾಸು. ಅದು ತಪ್ಪಿದರೆ ಭತ್ತ ಜೊಳ್ಳು. ನೀರು ಕಟ್ಟಲು ಹೋದ ಮಹಾಶಯ ಎಷ್ಟು ಹೊತ್ತಾದರೂ ಬಾರದ್ದಕ್ಕೆ ನಾನೇ ಹೋಗಿ ನೋಡಿದರೆ, ಏರಿಯ ಮೇಲೆ ಕೂತು ಪಕ್ಕದ ಗದ್ದೆಯವನಿಗೆ ಚರಿತ್ರೆ ಹೇಳುತ್ತಿದ್ದ.

“ಬೈಜಾಂಟಿಯಂನ ಕೊನೇ ದೊರೆ ಬದ್ಲು ಅವನ ತಮ್ಮ ಪಟ್ಟಕ್ಕೆ ಬಂದಿದ್ರೆ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬೀಳ್ತಿರ್ಲಿಲ್ಲ ಕಣ್ರೀ.”

ಪಕ್ಕದವನು ತಲೆದೂಗುತ್ತಿದ್ದ. ನಮ್ಮ ನೀರೆಲ್ಲ ಅವನ ಗದ್ದೆಗೇ ಹರಿಯುತ್ತಿತ್ತು. ಸಲಿಕೆ ಹಿಡಿದು ನಾನೇ ನಮ್ಮತ್ತ ತಿರುಗಿಸಿದೆ.

“ನೀವ್ಯಾಕೆ ಬಂದ್ರಿ ಅತ್ತಿಗೆ?”

ಆ ತಮ್ಮನೂ ನಿನ್ನಂಗೇ ಏರಿ ಮೇಲೆ ಕೂರ್ತಿದ್ದ ಅನ್ನಬೇಕೆನಿಸಿತು. ಪಾಳಿಯಲ್ಲಿ ಉಳಿದಿದ್ದು ಅರ್ಧ ತಾಸು. ನಮ್ಮ ಎರಡು ಗದ್ದೆಗಳಲ್ಲಿ ಮೇಲಿನದು ಮಾತ್ರ ನೆನೆಯಿತು. ನೀರು ಮುಟ್ಟದ ಕೆಳಗಿನದರಲ್ಲಿ ಕೊಯ್ಲಿನ ಹೊತ್ತಿಗೆ ದನಕ್ಕೆ ಹುಲ್ಲು ಬಿಟ್ಟರೆ ಏನೂ ಸಿಗಲಿಲ್ಲ.