ಸಾಹೇಬರಿಗೆ ಹಾಕಿದ ಕುರ್ಚಿ

"ಜಾಗಾ ಭರಪೂರ ಐತಲ್ಲ! ಮತ್ತ ಬ್ಯಾರೆ ಮನಿ ಯಾಕ ಬೇಕ್ರಿ?"

ಸಾಹೇಬರು ಪೆನ್ನು ತೆಗೆದಾಗ ಅಪ್ಪನ ಮುಖ ಬಿಳಿಚಿಕೊಂಡಿತು. ಎಪ್ಪತ್ತರ ದಶಕ, ಸೊಲ್ಲಾಪುರದ ಚಾಳಿನ ಸಾಲುಮನೆಗಳಲ್ಲಿ ನಮ್ಮದು ಒಂದೇ ಖೋಲಿಯ ಮನೆ. ಸರಕಾರದ ಕಡಿಮೆ ಬಾಡಿಗೆಯ ಮನೆಗೆ ಅರ್ಜಿ ಹಾಕಿ, ಪಾಳಿಗಾಗಿ ಕಾದು ಕಾದು ಸಾಕಾಗಿತ್ತು; ಇಕ್ಕಟ್ಟು ಎಷ್ಟೆಂದು ನೋಡಲು ಅಂತೂ ಸಾಹೇಬರು ತಪಾಸಣೆಗೆ ಬಂದಿದ್ದರು. ದೊಡ್ಡವರು ಬರುತ್ತಾರೆಂದು ಅಪ್ಪ ಗೋಡೆಗೆ ಸುಣ್ಣ ಬಳಿದು, ಪಕ್ಕದವರ ಕುರ್ಚಿ ತಂದಿಟ್ಟು, ಅಜ್ಜಿಯನ್ನೂ ಕಾಕಾನ ಸಂಸಾರವನ್ನೂ ಮಕ್ಕಳಾದ ನಮ್ಮನ್ನೂ ಹೊರಗೆ ಕಳಿಸಿದ್ದ. ಮರ್ಯಾದೆ ಮಾಡಲು ಹೋಗಿ ಮನೆಯೇ ತಪ್ಪಿಹೋಗುವ ಹೊತ್ತು ಬಂದಿತ್ತು.

ಪರ ಗಂಡಸರೆದುರು ಬಾಯಿ ತೆರೆಯದ ಅವ್ವ ಬಾಗಿಲಿಗೆ ಹೋಗಿ ಕೂಗಿದಳು: "ಎಲ್ಲಾರೂ ಒಳಗ ಬರ್ರಿ!"

ನಾವೆಲ್ಲ ನುಗ್ಗಿದೆವು. ರಾತ್ರಿಪಾಳಿ ಮುಗಿಸಿ ಕಟ್ಟೆಯ ಮೇಲೆ ಮಲಗಿದ್ದ ಕಾಕಾ ಹಾಸಿಗೆ ಸಮೇತ ಬಂದ. ಸಾಹೇಬರು ಕಾಲು ಮಡಚಿಕೊಂಡರು, ಎದ್ದು ನಿಂತರು, ಸರಿಯುತ್ತ ಸರಿಯುತ್ತ ಹೊಸ್ತಿಲಾಚೆ ಹೋದರು. ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು.

"ಈಗ ಎಲ್ಲಿ ಕುಂಡ್ರತೀರಿ, ಹೇಳ್ರಿ ಸಾಹೇಬ್ರ?" ಅವ್ವ ಕೇಳಿದಳು. ಅವರು ನಗಲಿಲ್ಲ. ಹೊರಗೆ ನಿಂತೇ ನಮ್ಮ ತಲೆ ಎಣಿಸಿ ಬರೆದುಕೊಂಡರು.

ಮನೆ ಸಿಕ್ಕಿತು. ಇವತ್ತಿಗೂ ಅತಿಥಿಗಳು ಬರುತ್ತಾರೆಂದರೆ ನಾನು ಕಸ ಹೊಡೆದು ಕುರ್ಚಿ ಹಾಕುತ್ತೇನೆ. ಮನೆಯವರನ್ನು ಮಾತ್ರ ಹೊರಗೆ ಕಳಿಸುವುದಿಲ್ಲ.